ಎಫೀಮನ ಪಟ್ಟಿ

ಕಲ್ಲಸ್ತೆಯಿಂದ ಬಸ್ಸಿನಲ್ಲಿ ಬಂತು ಪೆಟ್ಟಿಗೆ.
ತೆರೆದರೆ ಗಮ್ಮೆಂದು ಈರುಳ್ಳಿ, ಹೊಗೆಮೀನು.
ಒಳಗೆ ಹಣೆಪಟ್ಟಿ, ಎರಡು ಸ್ಪಂಜು,
ಮುಕ್ಕಾಲು ಖಾಲಿಯಾದ ಉಪ್ಪುನೀರ ಸೀಸೆ,
ಚಾರ್ಜರಿಗೆ ಸುತ್ತಿದ ಬಲೆಯ ದಾರ.
ತಾರ್ತುವಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ತಲೆಗಳ ಲೆಕ್ಕ ಇಡುವವಳು ನಾನು.

ಎಫೀಮ್, ಅರವತ್ತೆಂಟು.
ಹೆಪ್ಪುಗಟ್ಟಿದ ಪೈಪ್ಸಿ ಸರೋವರಕ್ಕೆ ತೂತು ಕೊರೆದು
ಮೀನು ಹಿಡಿಯುತ್ತಿದ್ದವನು
ಎರಡು ಚಳಿಗಾಲ ಮಾತು ಬಿಟ್ಟಿದ್ದ.
ಪಟ್ಟಿ ಬಿಗಿಯುವಾಗ ಕೇಳಿದ: ಇದು ಕೊರೆಯುತ್ತದೆಯೇ?
ಇಲ್ಲ, ಎಂದೆ. ದಿನಕ್ಕೆ ಇಪ್ಪತ್ತು ನಿಮಿಷ,
ಹಣೆಯ ಮೇಲೆ ಇರುವೆ ಹರಿದಂತೆ ಜುಮ್ಮೆನ್ನುತ್ತದೆ, ಅಷ್ಟೆ.
ಕೊರೆಯದೆ ಕೆಳಗಿನ ಮೀನು ಹೇಗೆ ಕಾಣುತ್ತದೆ?
ನಾನು ನಕ್ಕೆ. ಅವನು ನಗಲಿಲ್ಲ.

ಏಳನೆಯ ವಾರ ಗೆರೆಗಳು ತುಸು ತಿಳಿಯಾದವು.
ಹೆಂಡತಿ ಫೋನು ಮಾಡಿದಳು:
ಸಮೋವಾರ್ ತಾನೇ ಹಚ್ಚಿದ, ಬೆಕ್ಕನ್ನು ಬೈದ!
ಫೆಬ್ರವರಿ ಹನ್ನೊಂದಕ್ಕೆ ಹೃದಯ ನಿಂತಿತು.
ನಮ್ಮ ಕಡತದಲ್ಲಿ ಹೃದಯಕ್ಕೆ ಕಾಲಮ್ಮಿಲ್ಲ.

ಆದರೆ ಪಟ್ಟಿಯ ನೆನಪಿನಲ್ಲಿ
ಹನ್ನೆರಡೂ ಇದೆ, ಹದಿಮೂರೂ ಇದೆ.
ಒಟ್ಟು ಒಂಬತ್ತು ರಾತ್ರಿ,
ಎಂಟು ಗಂಟೆಗೆ, ಅವನ ಹೊತ್ತಿಗೇ.
ಪ್ರತಿ ಸಲ ಯಂತ್ರ ಕೇಳಿದೆ:
ಹಳೆಯ ಅಳತೆಗೆ ತಾಳೆಯಾಗುತ್ತಿಲ್ಲ,
ನೀವು ಎಫೀಮ್ ತಾನೇ?
ಪ್ರತಿ ಸಲ ಒಂದು ಬೆರಳು
ಹೌದು ಎಂಬುದನ್ನು ಒತ್ತಿದೆ.

ಸ್ಪಂಜಿಗೆ ಅಂಟಿದೆ ಒಂದು ನೀಳ ಬಿಳಿಗೂದಲು.
ಲುಕೆರ್ಯಾ, ನಿಮ್ಮ ಕಡೆಯ ಹೆಂಗಸರು
ಗಂಡನ ಮುಂದಲ್ಲದೆ ತಲೆವಸ್ತ್ರ ಬಿಚ್ಚುವುದಿಲ್ಲವಲ್ಲ.
ಚಿಮುಟದಲ್ಲಿ ಹಿಡಿದು
ಎಲ್ಲಿ ನೋಡಬೇಕೋ ತಿಳಿಯದೆ ನಿಂತೆ.

ನಾಲ್ಕನೆಯ ನಿಮಿಷಕ್ಕೆ ಕಣ್ಣು ಮುಚ್ಚಿದ್ದಾಳೆ,
ಅಲೆ ಅಗಲವಾಗುತ್ತದೆ, ಗಾಳಿ ಬಿದ್ದ ನೀರಿನ ಹಾಗೆ.
ಆಮೇಲೆ ಕಪ್ಪು ಗೀಚು, ಗೀಚಿನ ಮೇಲೆ ಗೀಚು.
ಕೈಪಿಡಿ ಹೇಳುತ್ತದೆ: ಅಳು ಮೆದುಳಿನದಲ್ಲ,
ಹುಬ್ಬು, ಕೆನ್ನೆ, ದವಡೆಯ ಸ್ನಾಯುಗಳ ಗದ್ದಲ.
ಗುರುತಿಸಿ. ಕತ್ತರಿಸಿ.

ಕತ್ತರಿಸುತ್ತ ಹೋದೆ, ಅದು ನನ್ನ ಕೆಲಸ.
ಮೊದಲ ರಾತ್ರಿಯಲ್ಲಿ ಏನೂ ಮಿಗಲಿಲ್ಲ.
ಐದನೆಯದರಲ್ಲೂ.
ಒಂಬತ್ತನೆಯದರ ಕೊನೆಗೆ ಉಳಿದದ್ದು
ಹನ್ನೊಂದು ಸೆಕೆಂಡು, ಶುದ್ಧ.
ಹೆಸರಿನ ಜಾಗದಲ್ಲಿ ಕರ್ಸರ್ ಮಿಣುಕುತ್ತಿದೆ.

ಊಟದ ಗಂಟೆಯಾಯಿತು.
ಸೀಸೆಯ ನೀರನ್ನು ಸಿಂಕಿಗೆ ಸುರಿದೆ.
ಪಟ್ಟಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ.
ಸ್ಪಂಜನ್ನು ಮಾತ್ರ
ಇನ್ನೂ ಹಿಂಡಿಲ್ಲ.