ದಾರ

ಕಬಿನಿ ಗೇಟು ತೆಗೆದರೆ ನಂಜನಗೂಡಿನ
ನಮ್ಮ ಹೊಳೆಬೀದಿಗೆ ಟಾಂ ಟಾಂ ಬರುತ್ತದೆ.
ಪಕ್ಕದ ಮನೆ ಸಿದ್ದಾಜಮ್ಮನಿಗೆ ಕಿವಿ ಕೇಳದು.

ಅದಕ್ಕೇ ಕಿಟಕಿಯಿಂದ ಕಿಟಕಿಗೆ
ಮೊಮ್ಮಗನ ಗಾಳಿಪಟದ ದಾರ:
ಅವಳ ಕಾಲ್ಬೆರಳಿಗೆ ಒಂದು ತುದಿ,
ನನ್ನ ಮಣಿಕಟ್ಟಿಗೆ ಇನ್ನೊಂದು.

ರೇಷನ್ ಕಾರ್ಡು, ಬಿ.ಪಿ. ಮಾತ್ರೆ, ಬೆಂಕಿಪೊಟ್ಟಣ
ಹಾರ್ಲಿಕ್ಸ್ ಬಾಟಲಿಯೊಳಗೆ ಬಿಗಿ.
ಗೋಡೆಯಲ್ಲಿ ಹೋದ ಸಲದ ಕೆಸರುಗೆರೆ;
ಮಾದೇಶ ಬೆನ್ನು ಹಚ್ಚಿ ನಿಂತ,
ಇನ್ನೂ ನಾಲ್ಕು ಬೆರಳು ಕಮ್ಮಿ.
ಸರಿ, ಮೊದಲ ಟ್ರ್ಯಾಕ್ಟರಿಗೆ ಅವನೇ.

ಆಷಾಢವೆಲ್ಲ ಸಿದ್ದಾಜಮ್ಮ ದಾರ ಎಳೆದದ್ದು
ಹೊಗೆಸೊಪ್ಪಿಗೆ, ಸುಣ್ಣಕ್ಕೆ, ಸುಮ್ಮಸುಮ್ಮನೆ.
ಬೈದೆ. ಬಿಚ್ಚಲಿಲ್ಲ.

ನಿನ್ನೆ ಸರಿರಾತ್ರಿ ಮತ್ತೆ ಎಳೆದಳು.
ಬೆಳಗ್ಗೆ ಕೊಡ್ತೀನಿ ಮಾರಾಯ್ತಿ ಅಂತ ಮಗ್ಗುಲಾದೆ.
ಬಿಡಲಿಲ್ಲ, ಜಗ್ಗಿದಳು.

ಟಾಂ ಟಾಂ ಇನ್ನೂ ಸೇತುವೆಯಾಚೆ ಇತ್ತು.
ನೆಲದಲ್ಲಿ ಮಲಗುವವಳ ಚಾಪೆಗೆ
ಹೊಳೆಯೇ ಬಂದು ಹೇಳಿತ್ತು.