ಬಂದ ಸ್ಥಿತಿಯಲ್ಲೇ

ಫೋಟೋದಾಗ ಮೂವತ್ತೊಂಬತ್ತು ಮನಿ, ಹಲ್ಲು ಕಿಸದು ನಿಂತಿದ್ದುವು.
ಕೆಳಗ ಬರದಿತ್ತು: ‘ಎಲ್ಲಾ ಸ್ವರ ಚಾಲೂ. ಬಳಸಿದ್ದು ಕಡಿಮಿ.
ಮಾರೂ ಕಾರಣ: ಮನ್ಯಾಗ ಜಾಗಾ ಸಾಲೂದಿಲ್ಲ.’
ಪುಣ್ಯಾದಾಗ ಯಾರ ಮನ್ಯಾಗ ಜಾಗಾ ಸಾಲತೈತಿ?
ಅಷ್ಟಕ್ಕ ನಂಬಿದೆ.

ಏಳು ಸಾವಿರದ ಎಂಟುನೂರು.
ಔಷಧ ಅಂಗಡಿಯಾಗ ಬಿಲ್ ಹರದು ಹರದು
ಐವತ್ತೆರಡಕ್ಕ ಒಂದು ಆಸೆ ಮಾಡಿದ್ದೆ.
‘ಪೆಟ್ಟಿಗಿ ಒಡೆಯೂ ಮುಂದ ವಿಡಿಯೋ ಹಿಡಿ, ಚಿಗವ್ವಾ,
ಇಲ್ಲಂದ್ರ ರೊಕ್ಕ ಹೋತು’ ಅಂದಿದ್ದ ಅಕ್ಕನ ಮಗ ಮಲಕಾರಿ.
ಒಂದು ಕೈಯಾಗ ಕತ್ರಿ, ಒಂದು ಕೈಯಾಗ ಥರ್ಮಾಕೋಲು.
ಮೂರನೇ ಕೈ ಎಲ್ಲಿಂದ ತರಲಿ?

ಸ. ರಿ. ಗ.
ಅದರ ಮುಂದಿನ ಮನ್ಯಾಗ ಯಾರೂ ಇಲ್ಲ.
ಬಾಗಿಲ ಬಡದೆ, ಭಾತಾ ಜೋರು ಹಾಕಿದೆ,
ಬರೇ ಗಾಳಿ ಹೊಸ್ತಲಕ್ಕ ಬಂದು ತಿರುಗಿ ಹೋತು.

‘ಸರ್, ಮಧ್ಯಮ ನುಡಿಯಂಗಿಲ್ಲ’ ಅಂತ ಬರದೆ.
ಎರಡು ನೀಲಿ ಗೆರಿ ಮೂಡಿದುವು.
ಎರಡು ದಿನಕ್ಕ ಉತ್ತರ: ‘ಕಳಿಸೂ ಮುಂದ ನುಡೀತಿತ್ತು.’
ಆ್ಯಪಿನ ಹುಡುಗಿ, ಹುಡುಗಿನೋ ಮಶೀನೋ,
ಹತ್ತು ಸಲ ನನ್ನ ತೊಂದರಿಗೆ ವಿಷಾದ ಪಟ್ಟಳು.
‘ವಿಡಿಯೋ ಐತೇನ್ರಿ?’
‘ಇಲ್ಲ.’
‘ವಿಷಾದ.’

ಹನ್ನೊಂದನೇ ದಿನ ಕಾಯೂದು ಬಿಟ್ಟು
ರಿಕ್ಷಾದಾಗ ತೊಡೀಮ್ಯಾಲ ಇಟಗೊಂಡು
ರವಿವಾರ ಪೇಟಿಗೆ ಹೋದೆ, ಬಬನ್ ಸುತಾರರ ಕಡೆ.
ಮುಚ್ಚಳ ತಗದು, ಚಿಮಟಿಗಿ ಹಾಕಿ
ರೀಡಿನ ಬಾಯಾಗಿಂದ ಎಳದರು
ನಾಕು ಮಡಿಕಿಯ ಬಸ್ ಟಿಕೀಟು.
ಪಿ.ಎಂ.ಟಿ. ಸ್ವಾರಗೇಟ–ಕಾತ್ರಜ. ಎರಡು ರೂಪಾಯಿ.

ತಗದಿದ್ದ ತಡ, ಮಧ್ಯಮ ಕೂಗಾಕ ಹತ್ತಿತು,
ಯಾರೂ ಮುಟ್ಟದನ, ಭಾತಾ ಬರಿದಾಗೂ ತನಕ.
‘ಬಾಯಿ, ಸ್ಪ್ರಿಂಗ್ ಸತ್ತೈತಿ. ಯಾರೋ ಬೇಸತ್ತು
ಕಾಗದ ತುರುಕ್ಯಾರ’ ಅಂದರು.
ಬಾಯಿ ಅಂದರ ಅವರ ಮರಾಠ್ಯಾಗ ನಾನು.
ಹೊಸಾ ಸ್ಪ್ರಿಂಗು, ಎರಡು ಬೆರಳಿನಷ್ಟು ಚರ್ಮ. ಮುನ್ನೂರಾ ಐವತ್ತು.

ಆ ರಾತ್ರಿ ಕುಕ್ಕರು ಇಳಿಸದನ
ಕೆಳಗಿನ ಸದಿಂದ ಮ್ಯಾಲಿನ ಸಕ್ಕ ಹೋಗಿ ಬಂದೆ.
ಬಾಜೂಮನಿ ಚಿಪಳೂಣಕರ ಟೀವಿ ಸುಮ್ಮನಾತು.
ಸೀರಿಯಲ್ಲು ಮುಗದಿತ್ತೋ ಏನೋ.

ಮುಂಜಾನೆ ಫೋನು ಮಿಣುಕಿತು:
‘ಅಭಿನಂದನೆಗಳು. ನಿಮ್ಮ ಮರುಪಾವತಿಗೆ ಒಪ್ಪಿಗೆ ದೊರೆತಿದೆ.
ವಸ್ತುವನ್ನು ಬಂದ ಸ್ಥಿತಿಯಲ್ಲೇ ಹಿಂತಿರುಗಿಸಿ.’

ಬಂದ ಸ್ಥಿತಿಯಲ್ಲೇ.
ಟಿಕೀಟು ಪರ್ಸಿನಾಗ ಇತ್ತು. ತಗದು ನೋಡಿದೆ,
ಮಡಿಕಿ ಇನ್ನೂ ಗಟ್ಟಿ. ಮತ್ತ ತುರುಕಿದರ
ಕಾಯದೆ ಪ್ರಕಾರ ನಾನು ಪ್ರಾಮಾಣಿಕಳು.
ಸುತಾರರಿಗೆ ಫೋನ್ ಹಚ್ಚಿದೆ. ನಕ್ಕರು:
‘ಕೆಡಿಸೂ ಮಜೂರಿನೂ ಅಷ್ಟ, ಬಾಯಿ.’

ಇಟಗೊಳ್ಳಬಹುದಿತ್ತು. ಖರೆ.
ಏಳು ಸಾವಿರದ ಎಂಟುನೂರು ಅಂದರ ನನ್ನ ಹದಿನಾರು ದಿವಸ,
ಸೊಸಾಯಿಟಿ ಬಾಕಿ ಬ್ಯಾರೆ.
ಒಯ್ಯಾಕ ಬಂದ ಹುಡುಗ ಫೋಟೋಕ್ಕೂ ಪೆಟ್ಟಿಗಿಗೂ
ಗೀರು ಹೊಂದಿಸಿ ನೋಡಿದ. ಒಂದು ಮನೀನೂ ಒತ್ತಲಿಲ್ಲ.
‘ಓಟಿಪಿ ಹೇಳ್ರಿ, ಕಾಕು.’ ಹೇಳಿದೆ.
ಜಿನಾದ ತಿರುವಿನಾಗ ಗ್ವಾಡಿಗೆ ತಾಗಿ
ಒಮ್ಮೆ ಉಸರು ಬಿಟ್ಟಿತು.

ಐದನೇ ದಿನ ರೊಕ್ಕ ಬಂತು, ಪೂರಾ.
ಒಂಬತ್ತನೇ ದಿನ ಅದ ಫೋಟೋ, ಅದ ಹಲ್ಲು,
‘ಎಲ್ಲಾ ಸ್ವರ ಚಾಲೂ.’
ಈ ಸಲ ಅದು ಖರೇನ. ಅವನ ಸುಳ್ಳು
ನನ್ನ ಮುನ್ನೂರಾ ಐವತ್ತಕ್ಕ ಖರೇ ಆಗೈತಿ,
ಅವನಿಗೇ ಗೊತ್ತಿಲ್ಲ. ಬೆಲಿ ಒಂಬತ್ತು ಸಾವಿರ.

ಟಿಕೀಟು ಅಂಗಡಿಯ ಉದ್ರಿ ಬುಕ್ಕಿನಾಗ ಐತಿ,
ಹಾಳಿ ಗುರುತಿಗೆ.
ಗಿರಾಕಿ ಇಲ್ಲದ ಮಧ್ಯಾಹ್ನ ಗಾಜಿನ ಕೌಂಟರ ಮ್ಯಾಲ
ಬೆರಳು ಓಡಸತೀನಿ. ಸ. ರಿ. ಗ.
ಅಷ್ಟರಾಗ ಯಾರೋ ಬಂದು
ಕೆಮ್ಮಿನ ಔಷಧ ಕೇಳತಾರ.