ನೂರ ನಲವತ್ತನಾಲ್ಕು

ಮೂರನೇ ಪೀರಿಯಡ್ಡಿನಲ್ಲಿ ಮೂರನೇ ಪೀರಿಯಡ್ಡು.
ಕರೆಂಟಿಲ್ಲ. ವಿರಾಜಪೇಟೆಯ ಮಂಜು ಕಿಟಕಿಗೆ ಬಂದು ನಿಂತು
ತಡವಾಯಿತು, ಒಳಗೆ ಬರಲೇ ಎನ್ನುವಂತಿತ್ತು.
ಎಡಗಡೆಯಿಂದ ಹಿಡಿದೆ: ಸೋಡಿಯಂ ನೋಡಿ, ದೊಡ್ಡವನು,
ನಮ್ಮ ಕಿತ್ತಳೆಯ ಹಾಗೆ, ಸಿಪ್ಪೆಗೂ ತೊಳೆಗೂ ನಡುವೆ ಗಾಳಿ;
ಉಗುರು ತಾಗಿದರೆ ಸಾಕು, ಕಳಚಿ ಕೊಟ್ಟುಬಿಡುತ್ತಾನೆ.
ಬಲಕ್ಕೆ ಸರಿದಂತೆ ಒಂದೊಂದೇ ಎಲೆಕ್ಟ್ರಾನು ಸೇರುತ್ತದೆ,
ಸೇರಿದಷ್ಟೂ ಕುಗ್ಗುತ್ತದೆ.

ನಡುವಿನವನ ಬಲ ಹೆಚ್ಚಿತಲ್ಲ, ಎಳೆದುಕೊಳ್ಳುತ್ತಾನೆ, ಅಂದೆ,
ಚಳಿಯಲ್ಲಿ ಬೆಂಕಿ ನಮ್ಮನ್ನು ಎಳೆದುಕೊಂಡ ಹಾಗೆ.
"ಬೆಂಕಿ ಜಾಸ್ತಿಯಾದರೆ ನಾವು ಹಿಂದೆ ಸರೀತೀವಿ ಮೇಡಂ,"
ಕೊನೇ ಬೆಂಚಿನ ನಾಣಯ್ಯ.
ನಕ್ಕರು. ಬೆಂಕಿಯನ್ನು ಡಸ್ಟರಿನಿಂದ ಒರೆಸಿದೆ.

ಕೆಳಕ್ಕಿಳಿದರೆ ಪ್ರತಿ ಸಾಲಿಗೂ ಹೊಸ ಸುತ್ತು,
ಕುಪ್ಯದ ಮೇಲೆ ಇನ್ನೊಂದು ಕುಪ್ಯ. ಹಿಗ್ಗುತ್ತಾರೆ.
ಬರೆದುಕೊಂಡರು. ಸುಗುಣಾ ಬರೆಯಲಿಲ್ಲ.
ಗಡಿಯಾರ ಕಂಬದ ಹತ್ತಿರದ ವಾಮನಾಚಾರಿಯ ಮಗಳು.
"ಬೆಳ್ಳಿಯ ಕೆಳಗೇ ಚಿನ್ನ. ಚಿನ್ನ ದೊಡ್ಡದಾ ಹಾಗಾದ್ರೆ?"
ಹೂಂ ಅಂದೆ.
ಹದಿನೇಳು ವರ್ಷದಿಂದ ಹೂಂ ಅಂದಿದ್ದೆ.

ಸ್ಟಾಫ್ ರೂಮು, ದಪ್ಪ ಪುಸ್ತಕ, ಕೊನೆಯ ಹಾಳೆ:
ಬೆಳ್ಳಿ, ನೂರ ನಲವತ್ತನಾಲ್ಕು.
ಬೆರಳು ಕೆಳಗಿಳಿಸಿದೆ.
ಚಿನ್ನ, ನೂರ ನಲವತ್ತನಾಲ್ಕು.

ಶನಿವಾರ ಅಮ್ಮನ ಕೊಕ್ಕೆತಾತಿಯ ಕೊಂಡಿ ಸಡಿಲವೆಂಬ ನೆಪ.
ಆಚಾರಿ ಊದುಕೊಳವೆ ಬಾಯಿಂದ ತೆಗೆದು ಹೇಳಿದರು:
"ಇವೆರಡು ಜಗಳ ಆಡೋದಿಲ್ಲ. ಎಷ್ಟು ಬೇಕಾದ್ರೂ ಬೆರೆಸಿ,
ಒಂದರ ಜಾಗದಲ್ಲಿ ಇನ್ನೊಂದು ಕೂರುತ್ತೆ.
ಸೀಸ ಒಂದು ಚೂರು ಬೀಳಲಿ, ಒಡೆದು ಮುಖ ತೋರಿಸುತ್ತೆ ಚಿನ್ನ."
ಯಾಕೆ?
ಕೇಳಿದ್ದು ನಾನೋ ಅವರೋ ನೆನಪಿಲ್ಲ.
ಮೂಸೆಯಲ್ಲಿ ಎರಡೂ ಒಂದೇ ಬಣ್ಣಕ್ಕೆ ಕಾದಿದ್ದವು.

ಸೋಮವಾರ ತಪ್ಪೊಪ್ಪಿಕೊಂಡೆ.
ಬೆಳ್ಳಿಯಿಂದ ಚಿನ್ನಕ್ಕೆ ಇಳಿಯುವ ದಾರಿಯಲ್ಲಿ ಹದಿನಾಲ್ಕು ಮಂದಿ ಇದ್ದಾರೆ.
ಪಟದಲ್ಲಿ ಜಾಗ ಸಾಲದೆಂದು ಕೆಳಗೆ ಬೇರೆ ಕೂರಿಸಿದ್ದೇವೆ,
ತೋಟದ ತುದಿಗೆ ಲೈನ್ ಮನೆ ಕಟ್ಟಿದ ಹಾಗೆ.
ಅವರ ಎಲೆಕ್ಟ್ರಾನುಗಳು ನಡುವಿನ ಎಳೆತವನ್ನು ಸರಿಯಾಗಿ ಮರೆಮಾಡಲಾರವು;
ಅದಕ್ಕೇ ಒಬ್ಬೊಬ್ಬರೂ ಎಳೆಯಷ್ಟು ಕುಗ್ಗಿ ಕುಗ್ಗಿ,
ಚಿನ್ನ ಬರುವ ಹೊತ್ತಿಗೆ
ಹೊಸ ಕುಪ್ಯ ತೊಟ್ಟೂ ಅದು ಬೆಳ್ಳಿಯ ಅಳತೆಗೇ ನಿಂತಿದೆ.

"ಪರೀಕ್ಷೆಗೆ ಬರುತ್ತಾ?" ನಾಣಯ್ಯ.
ಇಲ್ಲ. ಪೆನ್ನಿನ ಮುಚ್ಚಳ ಹಾಕಿದ.

ಮಾಲ್ದಾರೆಯ ಲೈನಿನಿಂದ ಎರಡು ಬಸ್ಸು ಬದಲಿಸಿ ಬರುವ ಪಾರು,
ಜೂನಿನಿಂದ ಹಾಜರಿಗಲ್ಲದೆ ಬಾಯಿ ಬಿಡದವಳು, ಎದ್ದಳು.
"ಆ ಹದಿನಾಲ್ಕರ ಹೆಸರು?"
ಸೀರಿಯಂ, ಅಂದೆ. ಎರಡನೆಯದರಲ್ಲೇ ನನ್ನ ನಾಲಿಗೆ ಎಡವಿತು.
ಬೋರ್ಡಿನಲ್ಲಿ ಬರೆದೆ. ಅವಳು ಓದಿದಳು,
ಪ್ರೇಸಿಯೊಡಿಮಿಯಂ,
ಎಲ್ಲೂ ತಡವರಿಸದೆ, ಪಕ್ಕದ ಮನೆಯವರನ್ನು ಕರೆದ ಹಾಗೆ.